ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ

"ಒಂದು ನಲ್ಲಿ ಕೊಡಿ," ಎಂದರು ಮೇಷ್ಟ್ರು, ಪೆನ್ನು ಕೇಳಿದಷ್ಟು ಸಲೀಸಾಗಿ.

ಅಪ್ಪ-ಮಗಳು ಇಬ್ಬರೇ ನಡೆಸುವ ನಮ್ಮ ಸ್ಯಾನಿಟರಿ ಅಂಗಡಿಗೆ ಬಂದು ಹೀಗೆ ಕೇಳುವುದೆಂದರೆ, ಔಷಧಿ ಅಂಗಡಿಗೆ ಹೋಗಿ "ಒಂದು ಮಾತ್ರೆ ಕೊಡಿ" ಎಂದ ಹಾಗೆ.

"ಅಡುಗೆಮನೆಗಾ, ಬಚ್ಚಲಿಗಾ, ಬೇಸಿನ್‌ಗಾ?"

"ಬೇಸಿನ್‌ಗೆ."

"ಬಿಸಿನೀರೂ ಬರುತ್ತಾ?"

"ಬಂದ್ರೆ ಒಳ್ಳೇದು."

"ಗೋಡೆಯಲ್ಲಿ ನೀರು ಬರೋ ಕಾಕ್‌ನಿಂದ ಬೇಸಿನ್ ಎಷ್ಟು ಮೇಲಿದೆ?"

ಎರಡೂ ಕೈ ಚಾಚಿ, "ಇಷ್ಟು," ಎಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮನುಷ್ಯ!

ಹೊಸ ಮನೆಯಂತೆ. ವಿಡಿಯೋ ನೋಡಿ ತಾವೇ ಜೋಡಿಸುತ್ತಾರಂತೆ. ಒಂದು ನಲ್ಲಿ, ಹನ್ನೆರಡು ಇಂಚಿನ ಕನೆಕ್ಷನ್ ಪೈಪ್, ನೀರು ಸೋರದಂತೆ ಸುತ್ತುವ ಟೆಫ್ಲಾನ್ ಟೇಪ್, ಸ್ಪ್ಯಾನರ್ ಎಲ್ಲ ಕೌಂಟರ್ ಮೇಲೆ ಇಟ್ಟೆ. "ಬೇಸಿನ್ ಎಷ್ಟು ಎತ್ತರಕ್ಕೆ ಕೂರಿಸ್ಬೇಕು?" ಎಂದು ಕೇಳಿದರು. ಅಪ್ಪನ ಲೆಕ್ಕ ಹೇಳಿದೆ: "ದಿನಾ ಯಾರು ಅಲ್ಲಿ ಮುಖ ತೊಳೀತಾರೋ, ಅವರ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ."

ಅವರು ಮೆಟ್ಟಿಲಿಳಿದದ್ದೇ ತಡ, ಅಪ್ಪನ ಕಡೆ ತಿರುಗಿ, ಕೈ ಅಗಲಿಸಿ, ಅದೇ ಗಂಭೀರ ದನಿಯಲ್ಲಿ, "ಬಂದ್ರೆ ಒಳ್ಳೇದು... ಇಷ್ಟು," ಎಂದೆ. ಅಪ್ಪ ಹೊಟ್ಟೆ ಹಿಡಿದು ನಕ್ಕರು. ನಗುತ್ತಿದ್ದವರು ತಟ್ಟನೆ ಕೆಮ್ಮಿದರು. ಹಿಂದೆ ನೋಡಿದರೆ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದಾರೆ, ಮರೆತ ಟೆಫ್ಲಾನ್ ಟೇಪಿಗಾಗಿ ಬಂದವರು. ಕಿವಿ ಎರಡೂ ಕೆಂಪು.

ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡೆ. ಮಾರನೇ ದಿನವೇ ಬಂದರು, ಅಳತೆ ಟೇಪ್ ಕೊಳ್ಳಲು. ಬಿಚ್ಚಿ, ನೆಲದಿಂದ ಕೌಂಟರಿನ ತನಕ ಎಳೆದರು.

"ಕೌಂಟರ್ ಮಾರಾಟಕ್ಕಿಲ್ಲ ಮೇಷ್ಟ್ರೇ."

"ಟೇಪ್ ಸರಿ ಇದೆಯಾ ನೋಡ್ತಿದ್ದೆ," ಎಂದು ಟೇಪನ್ನು ಇನ್ನೂ ಸ್ವಲ್ಪ ಮೇಲಕ್ಕೆಳೆದು, ನನ್ನ ಕಡೆ ಒಮ್ಮೆ, ಟೇಪಿನ ಕಡೆ ಒಮ್ಮೆ ನೋಡಿ, ಡೈರಿಯಲ್ಲಿ ಏನೋ ಗೀಚಿಕೊಂಡು ಹೋದರು.

ಆಮೇಲೆ ವಾಷರ್ ನೆಪ, ಸ್ಕ್ರೂ ನೆಪ. ಒಂದು ವಾಷರ್ ಆರಿಸಲು ಇಪ್ಪತ್ತು ನಿಮಿಷ ಹಿಡಿಯಿತು, ನಾಲ್ಕು ಸಲ ನಕ್ಕರು, ನಾಲ್ಕನ್ನೂ ನಾನು ಎಣಿಸಿದೆ. ಈ ಮನುಷ್ಯ ಬರುತ್ತಿರುವುದು ವಾಷರಿಗಾಗಿಯೋ, ನನಗಾಗಿಯೋ? ನನಗೆ ಗೊತ್ತಾಗಬೇಕಿದ್ದದ್ದು ಅದೊಂದೇ.

ಶನಿವಾರ ಗೊತ್ತಾಯಿತು ಅಂದುಕೊಂಡೆ.

"ಈ ಪೈಪ್ ಗಿಡ್ಡ ಆಯ್ತು. ಇಪ್ಪತ್ನಾಲ್ಕು ಇಂಚಿಂದು ಕೊಡಿ."

"ಬೇಸಿನ್ ಅಷ್ಟು ಮೇಲಕ್ಕಾ? ಯಾರಿಗೆ?"

"ಮನೆಗೆ ಬರೋರಿಗೆ," ಎಂದು ನೆಲ ನೋಡಿದರು. "ಅವರಿಗಿನ್ನೂ ಹೇಳಿಲ್ಲ."

ಪೈಪಿನ ಅಳತೆ ನೋಡಿ ಮನೆಯವರ ಎತ್ತರ ಹೇಳಬಲ್ಲವಳು ನಾನು. ಬರುವವಳು ಐದೂವರೆ ಅಡಿಗೆ ಕಮ್ಮಿಯಿಲ್ಲ. ಜಿರಾಫೆ! ಪೈಪನ್ನು ಕಾಗದದಲ್ಲಿ ಸುತ್ತಿಕೊಟ್ಟೆ. ಸುತ್ತಿದ್ದು ಸ್ವಲ್ಪ ಬಿಗಿಯೇ ಆಯಿತು.

ಭಾನುವಾರ ಬೆಳಿಗ್ಗೆ ಅವರ ಫೋನ್. ನಲ್ಲಿಯ ಬುಡದಲ್ಲಿ ನೀರು ತೊಟ್ಟಿಕ್ಕುತ್ತಿದೆ, ಸ್ಪ್ಯಾನರ್ ಎಟಕುತ್ತಿಲ್ಲ. ಅಪ್ಪನಿಗೆ ಸೊಂಟ ಹಿಡಿದಿತ್ತು. "ನೀನೇ ಹೋಗು ಪುಟ್ಟಿ," ಎಂದು ಬೇಸಿನ್ ರೆಂಚ್ ಕೊಟ್ಟರು. ಉದ್ದ ಕಾಲಿನ, ತಲೆ ಮಾತ್ರ ಅಡ್ಡ ತಿರುಗಿದ ಸಾಮಾನು. ಬೇಸಿನ್ನಿನ ಬೆನ್ನಿಗಿರುವ ನಟ್ಟನ್ನು ಹಿಡಿಯುವುದು ಅದೊಂದೇ.

ಅವರ ಮನೆ ಎರಡು ಬೀದಿ ಆಚೆ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಅವರಮ್ಮ ಕನ್ನಡಕ ಏರಿಸಿದರು. "ನೋಡಮ್ಮ, ಆ ಬೇಸಿನ್ನಲ್ಲಿ ಮುಖ ತೊಳೀಬೇಕಾದ್ರೆ ನಾನು ಏಣಿ ಹಾಕ್ಬೇಕು. ಕೇಳಿದ್ರೆ ಬಾಯೇ ಬಿಡಲ್ಲ."

ಅಲ್ಲಿಗೆ ಜಿರಾಫೆ ಖಾತ್ರಿಯಾಯಿತು.

ಕಾಕ್ ಮುಚ್ಚಿ, ಬೇಸಿನ್ ಕೆಳಗೆ ಕೂತು ನೋಡಿದೆ. ಪೈಪಿನ ಒಳಗೇ ರಬ್ಬರ್ ವಾಷರ್ ಇದ್ದರೂ, ಅದರ ಮೇಲೆ ಟೆಫ್ಲಾನ್ ಟೇಪ್ ಹದಿನೈದು ಸುತ್ತು.

"ನಲ್ಲಿಗೆ ಮುಂಡಾಸು ಯಾಕೆ ಕಟ್ಟಿದ್ರಿ? ವಾಷರ್ ಕೂರೋದಾದ್ರೂ ಎಲ್ಲಿ?"

ಬಿಚ್ಚಿ ಹಾಕಿ, ರೆಂಚ್ ತಿರುಗಿಸಿ ಬಿಗಿಮಾಡಿದೆ. ನೀರು ನಿಂತಿತು. ಎದ್ದು ನಿಂತೆ. ಬೇಸಿನ್ನಿನ ಅಂಚು ನನ್ನ ಎದೆಗೆ ಬಂತು.

"ನಿಮ್ಮನೆಗೆ ಬರೋರು ಒಳ್ಳೇ ಎತ್ತರ ಇದ್ದಾರೆ," ಎಂದೆ, ದನಿ ಆದಷ್ಟು ಒಣಗಿಸಿಕೊಂಡು.

ಮೇಷ್ಟ್ರು ನನ್ನನ್ನು ಕಣ್ಣು ಬಿಟ್ಟು ನೋಡುತ್ತಿದ್ದರು. "ನೀವು... ಬಗ್ಗಿದ್ದೀರಾ?"

"ನೆಟ್ಟಗೇ ನಿಂತಿದ್ದೀನಿ!"

"ನೆಟ್ಟಗೆ ನಿಂತ್ರೆ ಇಷ್ಟೇನಾ?" ಗಾಬರಿಯಿಂದ ಡೈರಿ ತೆರೆದರು. "ಮೊಣಕೈ ನಲವತ್ತಮೂರು ಇಂಚು ಅಂತ ಬರ್ಕೊಂಡಿದ್ದೀನಿ. ಎರಡು ಸಲ ಅಳೆದೆ!"

ಯಾರ ಮೊಣಕೈ ಎಂದು ಕೇಳಲು ಬಾಯಿ ತೆರೆದವಳು ನನ್ನ ಕಾಲ ಕೆಳಗೆ ನೋಡಿಕೊಂಡೆ. ಮೇಲಿನ ರ‍್ಯಾಕು ನನಗೆ ಎಟಕಲಿ ಎಂದು ಅಪ್ಪ ಕೌಂಟರಿನ ಹಿಂದೆ ಎಂಟು ಇಂಚು ಎತ್ತರಕ್ಕೆ ಮರದ ಹಲಗೆ ಹಾಕಿಸಿದ್ದಾರೆ. ಅದರ ಮೇಲೆ ನಿಂತಿರುತ್ತೇನೆ ಎಂಬುದೇ ನನಗೆ ಮರೆತುಹೋಗಿರುತ್ತದೆ. ಮೇಷ್ಟ್ರು ನನ್ನನ್ನು ನೋಡಿದ್ದು ಕೌಂಟರಿನ ಮುಂದೆ ನಿಂತು ಮಾತ್ರ.

ಹಾಗಾದರೆ ಜಿರಾಫೆ ನಾನೇ.

"ಹಲಗೆ," ಎಂದೆ. "ನಾನು ಹಲಗೆ ಮೇಲೆ ನಿಂತ್ಕೋತೀನಿ."

ಅವರ ಮುಖದಲ್ಲಿ ಎಂಟು ಇಂಚನ್ನು ಕಳೆಯುವ ಲೆಕ್ಕ ನಡೆಯಿತು.

"ಟೇಪ್ ಹಿಡಿದು ಕಳ್ಳತನದಲ್ಲಿ ಅಳೆಯೋ ಬದಲು ನನ್ನನ್ನೇ ಕೇಳ್ಬಾರ್ದಿತ್ತಾ?"

"ಎತ್ತರನಾ?"

"ಎರಡನ್ನೂ!"

"ಕೇಳಿದ್ರೆ... ನಾನು ಆಚೆ ಹೋದ್ಮೇಲೆ ಅದನ್ನೂ ನಿಮ್ಮಪ್ಪನ ಮುಂದೆ ಆ್ಯಕ್ಟ್ ಮಾಡಿ ತೋರಿಸ್ತೀರಿ ಅಂತ."

ತಮಾಷೆಗೆ ಹೇಳಿದ್ದಲ್ಲ. ಒಂದು ವಾರ ಆ ಅಣಕವನ್ನು ಹೊತ್ತು ತಿರುಗಿದ್ದಾರೆ ಎನ್ನುವುದು ಆ ಮುಖದಲ್ಲೇ ಇತ್ತು. ನನಗೆ ನಾಚಿಕೆಯಾಯಿತು.

"ಇದನ್ನ ಮಾಡಲ್ಲ," ಎಂದೆ. "ಇದು ನನ್ನದು. ಈಗ ಕೇಳಿ."

"ಬರ್ತೀರಾ ಈ ಮನೆಗೆ?"

"ಈ ಎತ್ತರಕ್ಕೆ ಬರಲ್ಲ. ಬೇಸಿನ್ ಇಳಿಸಿ."

"ಎಲ್ಲೀವರೆಗೆ?"

ಗೋಡೆಗೆ ಆತು ನಿಂತು ಮೊಣಕೈ ಮಡಚಿದೆ. ಅವರು ನಾಲ್ಕು ಬೆರಳು ಜೋಡಿಸಿ ಅದರ ಕೆಳಗೆ ಹಿಡಿದರು. ಪೆನ್ಸಿಲ್ ಇನ್ನೊಂದು ಕೈಯಲ್ಲಿತ್ತು. ಗೆರೆ ಮಾತ್ರ ಬೀಳಲಿಲ್ಲ.

"ಏನಪ್ಪಾ, ಸೋರೋದು ನಿಂತ್ತಾ?" ಹಾಲ್‌ನಿಂದ ಅವರಮ್ಮ ಕೂಗಿದರು.

ಒಣಗಿ ನಿಂತಿದ್ದ ಪೈಪನ್ನು ಇಬ್ಬರೂ ನೋಡಿದೆವು.

"ಇಲ್ಲಮ್ಮಾ," ಎಂದರು ಮೇಷ್ಟ್ರು, ಬೆರಳು ತೆಗೆಯದೆ. "ಇನ್ನೂ ಸ್ವಲ್ಪ ಹೊತ್ತಾಗುತ್ತೆ."