ಗೊರವಂಕ ಹೇಳಿದ ಮಗ್ಗಿ

ಲೆಕ್ಕ ಮಾಡುವಾಗ ತಡ ಮಾಡಿದವರು ಹಕ್ಕಿಯಾಗುತ್ತಾರೆ ಎಂದು ಗಿರಿಕೂಟ ರಾಜ್ಯದಲ್ಲಿ ಎಲ್ಲರೂ ನಂಬಿದ್ದರು. ಇದು ಬಹಳ ಹಿಂದಿನ ಮಾತು. ಆಗ ಹುಲಿಗಳಿಗೆ ಎರಡು ತಲೆ ಇರುತ್ತಿತ್ತು, ಕಲ್ಲಿನ ಆನೆಗಳು ಮಾತಾಡುತ್ತಿದ್ದವು, ರಾಜರು ಮಾತ್ರ ಈಗಿನಂತೆಯೇ ಇದ್ದರು.

ಊರಾಚೆಯ ಕಪ್ಪು ಕೋಟೆಗೆ ಕರಾಳಕೇತು ಎಂಬ ಮಾಂತ್ರಿಕ ಬಂದು ಸೇರಿ ಹನ್ನೆರಡು ವರ್ಷವಾಗಿತ್ತು. ವರ್ಷಕ್ಕೆ ಮೂವತ್ತು ಮಂದಿಯನ್ನು ಕಳಿಸಬೇಕು, ಇಲ್ಲದಿದ್ದರೆ ಅರಮನೆಯನ್ನು ಬೂದಿ ಮಾಡುತ್ತೇನೆ ಎಂದು ಅವನು ಹೇಳಿದ್ದ. ಅರಮನೆ ತನ್ನದು, ಮೂವತ್ತು ಮಂದಿ ಬೇರೆಯವರ ಮಕ್ಕಳು ಎಂದು ನೋಡಿ ರಾಜ ತ್ವರಿತಸೇನ ಕೂಡಲೇ ಒಪ್ಪಿದ್ದ. ಕೋಟೆಗೆ ಮೂರು ಬಾಗಿಲು, ಬಾಗಿಲಿಗೊಂದು ಲೆಕ್ಕ. ಮೂರಕ್ಕೂ ಸರಿಯುತ್ತರ ಹೇಳುವವರು ಒಬ್ಬರು ಸಿಕ್ಕಿದರೆ ಮಾಂತ್ರಿಕನ ಆಟ ಮುಗಿಯಿತು. ಪ್ರಶ್ನೆ ಶುರುವಾದಾಗ ಒಬ್ಬ ಮುದುಕ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದ. ತಾಮ್ರದ ಬಟ್ಟಲು, ತಳದಲ್ಲಿ ಸಣ್ಣ ತೂತು. ಅದು ತುಂಬಿ ಮುಳುಗಲು ಒಂದು ಗಳಿಗೆ. ಅಷ್ಟರೊಳಗೆ ಉತ್ತರ ಹೇಳದವರು ಹಕ್ಕಿ, ತಪ್ಪು ಹೇಳಿದವರೂ ಹಕ್ಕಿ.

ಹಕ್ಕಿಯಾದವರು ಹಾರಿಕೊಂಡು ಮನೆಗೆ ಬರುತ್ತಿದ್ದರು. ಒಳಗೆ ಏನಾಯಿತು ಎಂದು ಕೇಳಿದರೆ ಅವರ ಬಾಯಲ್ಲಿ ಬರುತ್ತಿದ್ದದ್ದು ಮಗ್ಗಿ, ಅಂಕಿ ಮಾತ್ರ.

ಆದ್ದರಿಂದ ರಾಜ್ಯದ ಮಠಗಳಲ್ಲೆಲ್ಲ ಓದು ಹೀಗಿತ್ತು: ಅಯ್ಯನೋರು ಒಂದು ಹುಣಸೆಬೀಜವನ್ನು ಮೇಲಕ್ಕೆ ಎಸೆದು ಲೆಕ್ಕ ಕೇಳುತ್ತಾರೆ. ಬೀಜ ಅವರ ಅಂಗೈಗೆ ವಾಪಸು ಬೀಳುವುದರೊಳಗೆ ಉತ್ತರ ಬರಬೇಕು. ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಹೇಳಿದವರಿಗೆ ಮುಂದಿನ ಸಾಲು. ಯಾಕೆ ಎಂದು ಕೇಳಿದವರಿಗೆ ಮಠದ ಹೊರಬಾಗಿಲು.

ಬಾಗಿಲು ನೋಡಿದವರಲ್ಲಿ ನೇಕಾರರ ಮನೆಯ ಗುರವ್ವ ಒಬ್ಬಳು. ಅವಳ ತಂಗಿ ನಿಂಗಿ ಮುಂದಿನ ಸಾಲಿನವಳು, ನಲವತ್ತರವರೆಗೆ ಮಗ್ಗಿ ಬಾಯಲ್ಲಿಟ್ಟುಕೊಂಡವಳು. ನಿಂಗಿಯನ್ನು ಹೂವಿನ ಹಾರ ಹಾಕಿ ಕೋಟೆಗೆ ಕಳಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಗೊರವಂಕವಾಗಿ ಬಂದು ಮಗ್ಗದ ತೊಲೆಯ ಮೇಲೆ ಕೂತಳು.

ಮೊದಮೊದಲು ನಲವತ್ತರವರೆಗೆ ಹೇಳುತ್ತಿದ್ದಳು. ಮುಂದಿನ ತಿಂಗಳು ಮೂವತ್ತೊಂಬತ್ತಕ್ಕೆ ನಿಂತಿತು. ಮತ್ತೊಂದು ತಿಂಗಳಿಗೆ ಮೂವತ್ತೆಂಟು. ಒಂದರ ಮಗ್ಗಿಯೂ ಮರೆತ ದಿನ ತೊಲೆಯ ಮೇಲೆ ಉಳಿಯುವುದು ಬರೀ ಗೊರವಂಕ ಎಂದು ಗುರವ್ವನಿಗೆ ಅರ್ಥವಾಯಿತು. ಅರ್ಥವಾಗಲು ಅವಳಿಗೆ ಮೂರು ತಿಂಗಳು ಬೇಕಾಯಿತು. ಉಳಿದವರಿಗೆ ಅರ್ಥವಾಗಲೇ ಇಲ್ಲ.

ಮಗ್ಗಿ ಇಪ್ಪತ್ತಕ್ಕೆ ಇಳಿದಾಗ ಅವಳು ಅರಮನೆಗೆ ಹೋಗಿ, ಈ ಸಲ ನನ್ನನ್ನು ಕಳಿಸಿ ಎಂದಳು. ದೊಡ್ಡ ಅಯ್ಯನೋರು ಪರೀಕ್ಷೆಗೆಂದು ಹುಣಸೆಬೀಜ ಎಸೆದು ಹಿಡಿದರು. ಅವಳು ಇನ್ನೂ ಪ್ರಶ್ನೆಯನ್ನೇ ಯೋಚಿಸುತ್ತಿದ್ದಳು.

“ನಿನ್ನ ಉತ್ತರ ಬರೋ ಹೊತ್ತಿಗೆ ಈ ಬೀಜ ಮರ ಆಗಿ ಕಾಯಿ ಬಿಟ್ಟಿರುತ್ತೆ ಕಣಮ್ಮ,” ಎಂದರು.

ಸಭೆ ನಕ್ಕಿತು. ಆದರೆ ಆ ವರ್ಷದ ಲೆಕ್ಕಕ್ಕೆ ಇಪ್ಪತ್ತೊಂಬತ್ತೇ ಮಂದಿ ಸಿಕ್ಕಿದ್ದರು. ಮೂವತ್ತನೆಯವಳಾಗಿ ಅವಳನ್ನು ಸೇರಿಸಿದರು. ಹಾರ ಮಾತ್ರ ಹಾಕಲಿಲ್ಲ.

ಗೊರವಂಕ ಹೆಗಲ ಮೇಲೆ ಕೂತು ಜೊತೆಗೆ ಬಂತು.

ಮೊದಲ ಬಾಗಿಲಲ್ಲಿ ಎರಡು ತಲೆಯ ಹುಲಿ ಕಾಯುತ್ತಿತ್ತು. ಮುದುಕ ಬಟ್ಟಲು ತೇಲಿಬಿಟ್ಟ. ಒಂದು ತಲೆ, ಇಪ್ಪತ್ತು ಮೊಳದ ಬಟ್ಟೆ ಇದೆ ಎಂದಿತು. ಇನ್ನೊಂದು ತಲೆ, ಅದನ್ನು ಒಂದೊಂದು ಮೊಳದ ತುಂಡು ಮಾಡಲು ಕತ್ತರಿಯನ್ನು ಎಷ್ಟು ಸಲ ಹಾಕಬೇಕು ಎಂದಿತು.

“ಇಪ್ಪತ್ತು,” ಎಂದಿತು ಗೊರವಂಕ.

ಹುಲಿಯ ನಾಲ್ಕು ಕಣ್ಣೂ ಹೊಳೆದವು. ಗುರವ್ವ ಹಕ್ಕಿಯ ಕಡೆ ನೋಡಲಿಲ್ಲ. ದಿನಾ ಬಟ್ಟೆ ಕತ್ತರಿಸುವವಳು ಅವಳು. ಕೊನೆಯ ಕತ್ತರಿ ಹಾಕಿದಾಗ ಕೈಯಲ್ಲಿ ಎರಡು ತುಂಡು ಉಳಿಯುತ್ತವೆ ಎಂಬುದು ಅವಳ ಕೈಗೆ ಗೊತ್ತಿತ್ತು. ಹತ್ತೊಂಬತ್ತು ಎಂದಳು. ಹುಲಿಯ ಎರಡು ತಲೆಗಳೂ ಒಂದನ್ನೊಂದು ದೂರುತ್ತಾ ಪಕ್ಕಕ್ಕೆ ಸರಿದವು.

ಎರಡನೆಯ ಬಾಗಿಲಲ್ಲಿ ಕಲ್ಲಾನೆ. ಅದರ ಪ್ರಶ್ನೆ ನೇರವಾಗಿತ್ತು: ಕೋಟೆಯಲ್ಲಿ ಹದಿನೇಳು ಕೋಣೆ, ಕೋಣೆಗೆ ಹದಿಮೂರು ಗೂಡು, ಗೂಡಿಗೆ ಹತ್ತೊಂಬತ್ತು ಮೊಟ್ಟೆ. ಒಟ್ಟು ಎಷ್ಟು ಮೊಟ್ಟೆ?

ಇದರಲ್ಲಿ ಮೋಸವೇನೂ ಇರಲಿಲ್ಲ. ಗುರವ್ವನ ಕಷ್ಟವೇ ಅದು. ಏನು ಮಾಡಬೇಕೆಂದು ಅವಳಿಗೆ ತಕ್ಷಣ ತಿಳಿಯಿತು. ಮಾಡಲು ಮಾತ್ರ ಬರಲಿಲ್ಲ. ಅವಳಿಗೆ ಹತ್ತರ ಆಚೆ ಮಗ್ಗಿ ಬಾರದು. ಬೇಕೆಂದಾಗ ಕೂಡಿ ಕಂಡುಕೊಂಡರಾಯಿತು, ಕಂಠಪಾಠ ಯಾಕೆ ಎಂದು ಇಷ್ಟು ವರ್ಷ ಅಸಡ್ಡೆ ಮಾಡಿದ್ದಳು. ಈಗ ಕಲ್ಲುಗಳನ್ನು ಆಯ್ದು ಹದಿಮೂರರ ಸಾಲುಗಳನ್ನು ಜೋಡಿಸತೊಡಗಿದಳು. ಆರನೇ ಸಾಲಿಗೆ ಬಟ್ಟಲು ಅರ್ಧ ತುಂಬಿತ್ತು. ಹನ್ನೊಂದನೇ ಸಾಲಿಗೆ ಎಣಿಕೆ ತಪ್ಪಿತು.

“ನಿಂಗೀ,” ಎಂದಳು, “ಹದಿನೇಳು ಹದಿಮೂರ್ಲಿ?”

“ಇನ್ನೂರ ಇಪ್ಪತ್ತೊಂದು.”

“ಇನ್ನೂರ ಇಪ್ಪತ್ತೊಂದು ಹತ್ತೊಂಬತ್ತಲಿ?”

ಹಕ್ಕಿ ಕೊಕ್ಕು ತೆರೆದು ಸುಮ್ಮನಾಯಿತು. ಅಂಥ ಮಗ್ಗಿ ಯಾವ ಮಠದಲ್ಲೂ ಇಲ್ಲ. ಗುರವ್ವ ಕಲ್ಲುಗಳನ್ನು ಕಾಲಿನಿಂದ ಚೆದುರಿಸಿದಳು. ಗೂಡಿಗೆ ಇಪ್ಪತ್ತು ಮೊಟ್ಟೆ ಎಂದುಕೊಂಡರೆ ನಾಲ್ಕು ಸಾವಿರದ ನಾನೂರ ಇಪ್ಪತ್ತು. ಗೂಡಿಗೊಂದರಂತೆ ಹೆಚ್ಚಿಗೆ ಎಣಿಸಿದ್ದನ್ನು ವಾಪಸು ತೆಗೆಯಬೇಕು. ನಾಲ್ಕು ಸಾವಿರದ ನೂರ ತೊಂಬತ್ತೊಂಬತ್ತು ಎಂದಾಗ ನೀರು ಬಟ್ಟಲಿನ ಅಂಚಿಗೆ ಬಂದಿತ್ತು. ಆನೆ ದಾರಿ ಬಿಟ್ಟಿತು.

ಆ ದಿನ ಗುರವ್ವ ಮೊದಲ ಬಾರಿಗೆ ಮಗ್ಗಿಯ ಬಗ್ಗೆ ಸ್ವಲ್ಪ ಗೌರವದಿಂದ ಯೋಚಿಸಿದಳು.

ಮೂರನೆಯ ಬಾಗಿಲಲ್ಲಿ ಕರಾಳಕೇತುವೇ ಕೂತಿದ್ದ. ಇಲ್ಲಿಯವರೆಗೆ ಯಾರೂ ಬಂದಿರದ ಕಾರಣ ಅವನ ಪೀಠದ ಮೇಲೆ ಧೂಳಿತ್ತು. ಮುದುಕ ಬಟ್ಟಲನ್ನು ಖಾಲಿ ಮಾಡಿ ಮತ್ತೆ ತೇಲಿಬಿಟ್ಟ.

“ನನ್ನ ಕುದುರೆ ಅರವತ್ತು ಹರದಾರಿ ದೂರದ ಬೆಟ್ಟಕ್ಕೆ ಗಳಿಗೆಗೆ ಎರಡು ಹರದಾರಿಯಂತೆ ಹೋಯಿತು,” ಎಂದ ಮಾಂತ್ರಿಕ. “ಹೋಗಿ ಬರುವ ದಾರಿಯೆಲ್ಲ ಸೇರಿ ಗಳಿಗೆಗೆ ನಾಲ್ಕು ಹರದಾರಿಯ ಸರಾಸರಿ ಬೀಳಬೇಕು. ವಾಪಸು ಬರುವಾಗ ಅದು ಗಳಿಗೆಗೆ ಎಷ್ಟು ಹರದಾರಿ ಓಡಬೇಕು?”

“ಆರು,” ಎಂದಿತು ಗೊರವಂಕ. “ಆರು. ಆರು.”

ಎರಡೂ ಆರೂ ಎಂಟು, ಅದರ ಅರ್ಧ ನಾಲ್ಕು. ಗುರವ್ವನ ಬಾಯಿಗೂ ಅದೇ ಬಂದಿತ್ತು. ಹಿಂದಿನ ಬಾಗಿಲಲ್ಲಿ ಇದೇ ಹಕ್ಕಿ ಅವಳನ್ನು ಉಳಿಸಿತ್ತು. ಇಲ್ಲಿ ತಪ್ಪಿದರೆ ತೊಲೆಯ ಮೇಲೆ ಎರಡು ಗೊರವಂಕಗಳು, ನೋಡಿಕೊಳ್ಳಲು ಯಾರೂ ಇಲ್ಲ. ಅವಳು ಎರಡು ಬೆರಳಿನಿಂದ ತಂಗಿಯ ಕೊಕ್ಕನ್ನು ಮೆಲ್ಲಗೆ ಮುಚ್ಚಿದಳು.

ನೀರು ಏರುತ್ತಿತ್ತು. ಅವಳು ಕುದುರೆಯನ್ನು ಬಿಟ್ಟು ಹೊತ್ತನ್ನು ಹಿಡಿದಳು. ಕೊಕ್ಕು ಬಿಟ್ಟು ಕೇಳಿದಳು:

“ಎರಡು ಎಷ್ಟಲಿ ಅರವತ್ತು?”

“ಮೂವತ್ತು.”

“ನಾಲ್ಕು ಎಷ್ಟಲಿ ನೂರಿಪ್ಪತ್ತು?”

“ಮೂವತ್ತು.”

ಹೋಗಿ ಬರಲು ಇದ್ದದ್ದೇ ಮೂವತ್ತು ಗಳಿಗೆ. ಹೋಗುವುದರಲ್ಲೇ ಮೂವತ್ತೂ ಮುಗಿದಿತ್ತು.

“ಎಷ್ಟು ಓಡಿದರೂ ಆಗಲ್ಲ,” ಎಂದಳು.

“ಅದು ಉತ್ತರವಲ್ಲ. ಸಂಖ್ಯೆ ಹೇಳು. ಬಟ್ಟಲು ನೋಡು.”

“ನೋಡ್ತಾ ಇದ್ದೀನಿ. ಕುದುರೆ ಬೆಟ್ಟ ಮುಟ್ಟಿದಾಗಲೇ ಹೊತ್ತು ಖರ್ಚಾಗಿದೆ. ಇನ್ನು ಅದು ಗಾಳಿಯ ಹಾಗೆ ಬಂದರೂ ತಡವೇ. ಸಂಖ್ಯೆ ಇಲ್ಲ. ಇದ್ದರೆ ನೀವೇ ಹೇಳಿ.”

ಮಾಂತ್ರಿಕ ಬಾಯಿ ತೆರೆದ. ಬಂದದ್ದು ಚಿಲಿಪಿಲಿ. ಪೀಠದ ಧೂಳಿನಲ್ಲಿ ಒಂದು ಗುಬ್ಬಿ ಕುಪ್ಪಳಿಸುತ್ತಿತ್ತು, ತೀರಾ ಸಾಧಾರಣ ಗುಬ್ಬಿ.

ಗುರವ್ವನ ಹೆಗಲು ಒಮ್ಮೆಗೇ ಭಾರವಾಗಿ ಅವಳು ನೆಲಕ್ಕೆ ಕುಸಿದಳು. ಮೇಲೆ ಬಿದ್ದವಳು ನಿಂಗಿ.

“ಇಷ್ಟೊಂದು ಹೊತ್ತು ಬೇಕಾಯ್ತಾ ಅಕ್ಕ ನಿಂಗೆ?”

“ಮೂರು ಸಲ ಆರು ಅಂದೆಯಲ್ಲೇ, ಮಾರಾಯ್ತಿ.”

ನಿಂಗಿ ಅಳತೊಡಗಿದಳು. ಅಕ್ಕ ಬಿದ್ದಲ್ಲಿಂದಲೇ ಅವಳ ಬೆನ್ನು ಸವರಿದಳು.

ರಾಜ್ಯದ ಸೂರುಗಳಿಂದ, ಮಗ್ಗಿಯನ್ನು ಪೂರ್ತಿ ಮರೆತಿದ್ದವರೂ ಸೇರಿ, ಮುನ್ನೂರಕ್ಕೂ ಹೆಚ್ಚು ಮಂದಿ ಕೆಳಗೆ ಬಿದ್ದರು. ಕೆಲವರಿಗೆ ಕಾಲು ಉಳುಕಿತು, ಉಳಿದಂತೆ ಎಲ್ಲರೂ ಕ್ಷೇಮ. ಅಕ್ಕನಿಗೆ ತಂಗಿ ಇಪ್ಪತ್ತರವರೆಗೆ ಮಗ್ಗಿ ಕಲಿಸಿದಳು, ತಂಗಿಗೆ ಅಕ್ಕ ಪ್ರಶ್ನೆಯನ್ನು ಕೊನೆಯವರೆಗೆ ಕೇಳುವುದನ್ನು ಕಲಿಸಿದಳು. ಎರಡನೆಯದಕ್ಕೆ ಹೆಚ್ಚು ದಿನ ಹಿಡಿಯಿತು. ಇಬ್ಬರೂ ನೇಯ್ದುಕೊಂಡು, ಜಗಳವಾಡಿಕೊಂಡು, ಸುಖವಾಗಿ ಬಾಳಿದರು.

ತ್ವರಿತಸೇನ, ಎಲ್ಲರಿಗಿಂತ ನಿಧಾನವಾಗಿ ಉತ್ತರಿಸುವವರಿಗೇ ಇನ್ನು ಮುಂದೆ ಮುಂದಿನ ಸಾಲು ಎಂದು ಆಜ್ಞೆ ಹೊರಡಿಸಿದ. ಜೊತೆಗೆ, ತಡ ಮಾಡಿದವರು ಹೇಗೆ ಹಕ್ಕಿಗಳಾದರು ಎಂಬ ಚರಿತ್ರೆಯನ್ನು ಕಲ್ಲಿನಲ್ಲಿ ಕೆತ್ತಿಸಲು ಹೇಳಿದ. ಕೆತ್ತುವವನು ಕೆಲಸದಲ್ಲಿ ಅಚ್ಚುಕಟ್ಟಿನ ಮನುಷ್ಯ. ಉಳಿ ಇಡುವ ಮುಂಚೆ ಬಟ್ಟಲಿನ ಮುದುಕನನ್ನು ಹುಡುಕಿಕೊಂಡು ಹೋಗಿ, ಈ ಹನ್ನೆರಡು ವರ್ಷದಲ್ಲಿ ಬಟ್ಟಲು ಎಷ್ಟು ಸಲ ಮುಳುಗಿತು ಎಂದು ಕೇಳಿದ.

ಒಂದು ಸಲವೂ ಮುಳುಗಿರಲಿಲ್ಲ.