ಅವನು ಬೇಡವೆಂದ ಕೆಂಪು ಕಾರು

"ಸ್ಟಾರ್ಟ್ ಮಾಡ್ಬೇಡಿ."

ಮಾರಾಟಕ್ಕಿದ್ದ ಹಳೆ ಕಾರಿನ ಕೀಲಿ ತಿರುಗಿಸಲು ಹೊರಟಿದ್ದ ಅವಳ ಬೆರಳುಗಳು ಅಲ್ಲೇ ನಿಂತವು. ಕಿಟಕಿಯೊಳಗೆ ಬಂದ ಒಂದು ಕೈ ಹೇಳದೆ ಕೇಳದೆ ಕೀಲಿಯನ್ನೇ ಕಿತ್ತುಕೊಂಡಿತು. ಉಗುರಿನಲ್ಲಿ ಗ್ರೀಸು, ಮಣಿಕಟ್ಟಿನ ಮೇಲೆ ಸುಟ್ಟ ಕಲೆ.

"ಯಾರ್ರೀ ನೀವು?"

"ನಿಮ್ಮ ತಾಯಿ ಗೊತ್ತುಮಾಡಿದ ಮೆಕ್ಯಾನಿಕ್. ಇಳಿದು ಬಾನೆಟ್ ಮುಟ್ಟಿ ನೋಡಿ."

ಸಿಟ್ಟಿನಲ್ಲೇ ಇಳಿದಳು. ಅವಳು ನರ್ಸು. ಜ್ವರ ನೋಡುವ ಅಭ್ಯಾಸದಲ್ಲಿ ಕೈಯ ಹಿಂಬದಿ ಇಟ್ಟು ನೋಡಿದಳು. ಬೆಚ್ಚಗಿತ್ತು.

"ಇವತ್ತು ಯಾರೂ ಸ್ಟಾರ್ಟೇ ಮಾಡಿಲ್ಲ ಅಂದ್ರಲ್ಲ ದಲ್ಲಾಳಿ..."

"ಅಂತಾರೆ. ತಣ್ಣಗಿದ್ದಾಗ ಈ ಇಂಜಿನ್ ಸುಲಭಕ್ಕೆ ಏಳಲ್ಲ. ಅದಕ್ಕೇ ನಾವು ಬರೋ ಮುಂಚೆ ಎಬ್ಬಿಸಿಟ್ಟಿದ್ದಾರೆ. ಇದು ಬೇಡ, ನಡೀರಿ."

ಹತ್ತು ಕಾರು ತೋರಿಸಿದರೆ ಒಂಬತ್ತಕ್ಕೆ ಬೇಡ ಎನ್ನುವ ಅವನಿಗೆ ಹಳೆ ಕಾರಿನ ದಲ್ಲಾಳಿಗಳೆಲ್ಲ ಸೇರಿ 'ಬೇಡಪ್ಪ' ಎಂದು ಹೆಸರಿಟ್ಟಿದ್ದರು. ಗೇಟಿನಲ್ಲಿ ಅವನು ಕಂಡರೆ ಸಾಕು, ಅವರ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು.

ಅವಳಿಗೋ ಕಾರು ಬೇಕೇ ಬೇಕಿತ್ತು. ಆರು ವರ್ಷ ವಾರ್ಡಿನಲ್ಲಿ ಬೆಂಡಾದ ಮೇಲೆ, ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಕೆಲಸ ಒಲಿದಿತ್ತು. ಆದರೆ ಸೋಮವಾರ ಬೆಳಗ್ಗೆ ಸ್ವಂತ ಕಾರಿನ ಕಾಗದ ತೋರಿಸದಿದ್ದರೆ ಅದು ಪಟ್ಟಿಯಲ್ಲಿದ್ದ ಮುಂದಿನವರ ಪಾಲಾಗುತ್ತಿತ್ತು.

ಮರುದಿನದಿಂದ ಬೆಳಗ್ಗೆ ಆರೂವರೆಗೇ ಅವನ ಬೈಕಿನ ಹಿಂದೆ ಕೂತು ಕಾರು ಹುಡುಕುವುದು ಶುರುವಾಯಿತು. ಟೈರು ಒಂದೇ ಬದಿ ಸವೆದಿದ್ದರೆ ಏನರ್ಥ, ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಕಂಡರೆ ಏನು ಗತಿ, ಎಲ್ಲವನ್ನೂ ಅವನು ತಾಳ್ಮೆಯಿಂದ ಹೇಳಿಕೊಟ್ಟ.

"ಮೀಟರ್ ಸುಳ್ಳು ಹೇಳುತ್ತೆ. ಪೆಡಲ್ ಮೇಲಿನ ರಬ್ಬರ್ ಹೇಳಲ್ಲ. ಎಷ್ಟು ಸವೆದಿದೆ ನೋಡಿ, ಅಷ್ಟು ಓಡಿದೆ."

"ಮನುಷ್ಯರನ್ನೂ ಹೀಗೇ ಪರೀಕ್ಷೆ ಮಾಡ್ತೀರಾ?"

"ಮನುಷ್ಯರ ವಿಷಯದಲ್ಲಿ ನಾನು ಶುದ್ಧ ದಡ್ಡ" ಎಂದು ನಕ್ಕ.

ಆ ನಗು ಅವಳ ಜೊತೆಗೇ ಮನೆಗೆ ಬಂತು. ಅಮ್ಮ ಎರಡು ಸಲ ಕೂಗಿದರೂ ಮಗಳಿಗೆ ಕೇಳಿಸಲಿಲ್ಲವೆಂದರೆ, ಮನಸ್ಸು ಎಲ್ಲಿತ್ತೆಂದು ಬೇರೆ ಹೇಳಬೇಕೆ?

ಗುರುವಾರ ಕಂಡಿದ್ದು ಆ ಕೆಂಪು ಕಾರು. ಪುಟ್ಟದು, ಥಳಥಳ ಹೊಳೆಯುತ್ತಿತ್ತು. ಬಾನೆಟ್ ತಣ್ಣಗಿತ್ತು. ಮೊದಲ ತಿರುವಿಗೇ ಇಂಜಿನ್ ಎದ್ದಿತು. ಇದೇ ನನ್ನದು ಎಂದು ಅವಳ ಮನಸ್ಸು ಹೇಳಿತು.

ಅವನು ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ, ಬೆರಳಾಡಿಸಿ, ಮೆಲ್ಲಗೆ ಮುಚ್ಚಿದ. ಅವನ ಮುಖ ಕಪ್ಪಿಟ್ಟಿತು.

"ಬೇಡ."

"ಇದೂ ಬೇಡ್ವಾ? ಯಾಕೆ?"

ದಲ್ಲಾಳಿ ಎರಡೇ ಹೆಜ್ಜೆ ಆಚೆ ನಿಂತಿದ್ದ. "ಆಮೇಲೆ ಹೇಳ್ತೀನಿ" ಎಂದ ಮೆಕ್ಯಾನಿಕ್. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಬೇಡವೆಂದ ಕಾರಣ ಕೇಳದೆಯೇ ಅವಳು ಓಡಿದಳು.

ಶುಕ್ರವಾರ ಬಸ್ಸಿನ ಕಿಟಕಿಯಿಂದ ನೋಡುತ್ತಾಳೆ, ಅದೇ ಕೆಂಪು ಕಾರು ಅವನ ರಿಪೇರಿ ಶೆಡ್ಡಿನೊಳಗೆ!

ಮುಂದಿನ ಸ್ಟಾಪಿನಲ್ಲಿ ಇಳಿದು ದಾಪುಗಾಲು ಹಾಕಿ ವಾಪಸು ಬಂದಳು. ಅದೇ ದಲ್ಲಾಳಿ ಸ್ಟೂಲಿನ ಮೇಲೆ ಕೂತು ಕಾಗದ ತಿರುವುತ್ತಿದ್ದ. ಅವಳು ನೇರ ಮೆಕ್ಯಾನಿಕ್ಕಿನ ಎದುರು ನಿಂತಳು.

"ನನಗೆ ಬೇಡ ಅಂದಿದ್ದು ನಿಮಗೆ ಬೇಕಿತ್ತು ಅಂತ ನೇರವಾಗಿ ಹೇಳಬಹುದಿತ್ತಲ್ಲ?"

"ನಾಳೆ ಬನ್ನಿ. ಎಲ್ಲ ಹೇಳ್ತೀನಿ."

"ಇವತ್ತು ಹೇಳೋಕಾಗದೆ ಇರೋದು ನಾಳೆ ಹೇಗೆ ಹೇಳ್ತೀರಿ? ನಂಬಿದೋರ ಕುತ್ತಿಗೆ ಕುಯ್ಯೋದು ಅಂದ್ರೆ ಇದೇ ಅಲ್ವಾ?"

ಅವನು ಒಮ್ಮೆ ದಲ್ಲಾಳಿಯ ಕಡೆ ನೋಡಿ ತಲೆತಗ್ಗಿಸಿದ. "ಬೇಡಪ್ಪನಿಗೂ ಕೊನೆಗೆ ಒಂದು ಬೇಕಾಯ್ತು ನೋಡಮ್ಮ" ಎಂದು ದಲ್ಲಾಳಿ ಹಲ್ಲು ಕಿರಿದ.

ಬಸ್ಸಿನಲ್ಲಿ ಅವಳಿಗೆ ಅಳು ತಡೆಯಲಾಗಲಿಲ್ಲ. ಕಾರು ಹೋದರೆ ಹೋಗಲಿ... ಇವನನ್ನು ಒಳ್ಳೆಯವನೆಂದು ನಂಬಿದ್ದೆನಲ್ಲ! ಅದೇ ಅವಳನ್ನು ಕೊರೆಯುತ್ತಿತ್ತು.

ಶನಿವಾರ ಒಬ್ಬಳೇ ಹೊರಟಳು. ನಿವೃತ್ತ ಟೀಚರೊಬ್ಬರ ಮನೆಯಲ್ಲಿ ಬೂದು ಬಣ್ಣದ ಹಳೆ ಪುಟ್ಟ ಕಾರಿತ್ತು. ನೋಡಲು ಅಷ್ಟಕ್ಕಷ್ಟೆ. ಬಾನೆಟ್ ಮುಟ್ಟಿದಳು, ಪೆಡಲ್ ನೋಡಿದಳು, ಸ್ಟೆಪ್ನಿ ಎತ್ತಿ ತುಕ್ಕು ಹುಡುಕಿದಳು. ಬಾಗಿಲುಗಳ ಸಂದು ಸಮವಾಗಿದೆಯೇ ಎಂದು ಬೆರಳಿಟ್ಟು ಅಳೆದಳು. ಒಂದೊಂದಕ್ಕೂ ಅವನ ದನಿ ಕಿವಿಯಲ್ಲಿ ಮೊಳಗುತ್ತಿತ್ತು. ಹಾಳಾದವನು, ಕಲಿಸಿದ್ದನ್ನು ಮಾತ್ರ ಚೆನ್ನಾಗಿಯೇ ಕಲಿಸಿದ್ದ.

"ಇಷ್ಟು ಚೆನ್ನಾಗಿ ನೋಡೋದು ಯಾರು ಹೇಳಿಕೊಟ್ರಮ್ಮ?" ಟೀಚರ್ ಕೇಳಿದರು.

"ಗೊತ್ತಿರೋರು ಒಬ್ರು" ಎಂದು ಅವಳು ಡಿಕ್ಕಿ ಮುಚ್ಚಿದಳು. ಅಂದೇ ಕಾಗದಗಳಿಗೆ ಸಹಿ ಬಿತ್ತು.

ಭಾನುವಾರ ಬೆಳಗ್ಗೆ ಆ ಕಾರಿನಲ್ಲೇ ಶೆಡ್ಡಿಗೆ ಹೋದಳು. ಅವನ ಫೀಸು ಮುಖಕ್ಕೆ ಎಸೆದು ಬರುವುದು, ಅಷ್ಟೇ. ಇವನ ಹಂಗು ಯಾಕೆ?

ಶೆಡ್ಡಿನ ಬಾಗಿಲಲ್ಲೇ ಕಾಲು ನಿಂತುಹೋಯಿತು. ಕೆಂಪು ಕಾರು ನಡುವೆ ಕತ್ತರಿಸಿ ಎರಡು ತುಂಡಾಗಿ ಬಿದ್ದಿತ್ತು.

"ಇದೇನಿದು...?"

ಅವನು ಕೈ ಒರೆಸಿಕೊಳ್ಳುತ್ತಾ ಎದ್ದ. "ಮುಂದಿನ ಅರ್ಧ ಒಂದು ಕಾರಿಂದು, ಹಿಂದಿನದು ಇನ್ನೊಂದರದು. ಆಕ್ಸಿಡೆಂಟಲ್ಲಿ ಹೋದ ಎರಡನ್ನ ಬೆಸೆದು ಬಣ್ಣ ಹೊಡೆದಿದ್ರು. ಬೆಸುಗೆ ಸರಿಯಾಗಿ ನಿಮ್ಮ ಸೀಟಿನ ಕೆಳಗಿತ್ತು."

ಅವಳು ಬಗ್ಗಿ ಕತ್ತರಿಸಿದ ಅಂಚನ್ನು ನೋಡಿದಳು.

"ನನಗೆ ಬೇಡ ಅಂದ್ರಿ, ಸರಿ. ನೀವು ಯಾಕೆ ತಗೊಂಡ್ರಿ?"

"ನೀವು ಹೋದ ಅರ್ಧ ಗಂಟೆಗೆ ಇನ್ನೊಂದು ಜೋಡಿ ಬಂತು. ಕಂಕುಳಲ್ಲಿ ಮಗು." ಅವನು ಕೈ ಒರೆಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟ. "ಕೆಲಸ ಕಲೀತಿದ್ದಾಗ ಇಂಥದೇ ಒಂದನ್ನ ಒಳ್ಳೇದು ಅಂದುಬಿಟ್ಟಿದ್ದೆ. ತಿರುವಲ್ಲಿ ಎರಡಾಯ್ತು. ಓಡಿಸ್ತಿದ್ದವರು ಇವತ್ತಿಗೂ ಎದ್ದು ನಡೆಯಲ್ಲ. ಇದನ್ನ ಬಿಟ್ಟುಬರೋಕೆ ಆಗಲಿಲ್ಲ. ಇನ್ಯಾರೂ ಓಡಿಸಬಾರದು ಅಂತ ಕೊಂಡು ಕತ್ತರಿಸಿದೆ."

"ನಿಮ್ಮ ಬೈಕ್ ಕಾಣ್ತಿಲ್ಲ?"

"ಮಾರಿದೆ. ಕಾರಿಗೆ ಕೊಡಬೇಕಿತ್ತಲ್ಲ."

ಅವಳ ಕಣ್ಣು ತುಂಬಿತು. "ಬಾಯಿಗೆ ಬಂದಿದ್ದೆಲ್ಲ ಅಂದೆ... ತಿರುಗಿ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಆ ದಲ್ಲಾಳಿ ಕಾಗದ ಮಡಚಿಕೊಂಡು ಎದ್ದುಬಿಡ್ತಿದ್ದ. ಇನ್ನೊಂದು ಕೋಟು ಬಣ್ಣ ಬಳಿದು ಬೇರೆ ಊರಲ್ಲಿ ಮಾರ್ತಿದ್ದ. ಮಾರೋರ ಮುಂದೆ ನಾನು ದೋಷದ ಬಗ್ಗೆ ಬಾಯಿ ಬಿಡೋದೇ ಇಲ್ಲ." ತಲೆ ಬಗ್ಗಿಸಿದ. "ನಿಮ್ಮನ್ನ ಕಳ್ಕೊಂಡೆ ಅಂತ ಅಂದುಕೊಂಡೆ."

"ಕಳ್ಕೊಳ್ಳೋಕೆ... ನಾನು ನಿಮ್ಮವಳಾಗಿದ್ದೆನಾ?"

ಕಿವಿಯವರೆಗೂ ಕೆಂಪಾದ ಅವನು ಅವಳ ಬೂದು ಕಾರಿನ ಬಳಿ ಹೋದ. ಇಪ್ಪತ್ತು ನಿಮಿಷ ಅದರ ಕೆಳಗೆ, ಮೇಲೆ, ಒಳಗೆ ಜಾಲಾಡಿದ.

"ಒಳ್ಳೇ ಕಾರು. ನಾನು ಹುಡುಕಿದ್ರೂ ಇದಕ್ಕಿಂತ ಒಳ್ಳೇದು ಸಿಗ್ತಿರಲಿಲ್ಲ. ನಾಳೆ ಧೈರ್ಯವಾಗಿ ಕೆಲಸಕ್ಕೆ ಹೋಗಿ."

ಸಂತೋಷಪಡಬೇಕಿತ್ತು. ಆದರೆ ಅವಳು ಕೀಲಿಯನ್ನು ಕೈಯಲ್ಲೇ ತಿರುವುತ್ತಾ ನಿಂತಳು.

"ಹಾಗಾದ್ರೆ ಇನ್ನು ನಿಮ್ಮನ್ನ ಕರೆಯೋಕೆ ನನಗೆ ಕಾರಣಾನೇ ಇರಲ್ಲ."

"ಹಳೇ ಕಾರು. ಕಾರಣಕ್ಕೇನೂ ಬರ ಇಲ್ಲ."

"ಕೆಡದೇ ಹೋದ್ರೆ?"

ಅವನು ಮೊದಲ ಸಲ ಅವಳನ್ನೇ ನೇರವಾಗಿ ನೋಡಿದ.

"ಕಾರಣ ಇಲ್ಲದೇ ಬರ್ತೀನಿ."

"ಬಂದು?"

"ನಿಮ್ಮಮ್ಮನ ಹತ್ತಿರ ಮಾತಾಡ್ತೀನಿ. ನೀವು ಒಪ್ಪಿದ್ರೆ."

ಅವಳು ಕಣ್ಣೊರೆಸಿಕೊಂಡು, ಪಕ್ಕದ ಸೀಟಿನ ಮೇಲಿದ್ದ ಕೈಚೀಲವನ್ನು ಎತ್ತಿ ಹಿಂದಕ್ಕೆ ಹಾಕಿದಳು.

"ಕೈ ತೊಳ್ಕೊಂಡು ಬನ್ನಿ. ಅಮ್ಮ ಮನೇಲೇ ಇದ್ದಾರೆ."