ಹೊಳೆಯಾಚೆಯ ಹನ್ನೊಂದು ತೋಳು

೧೯೩೧ರ ಶ್ರಾವಣ. ಹೊಳೆಯಾಚೆಯ ಗುಡ್ಡದ ವಸ್ತಿಯಲ್ಲಿ ಸಿಡುಬು ಎದ್ದು ಯಲ್ಲಕ್ಕನ ಮಗ ಸತ್ತಿದ್ದ. ಇನ್ನು ಹನ್ನೊಂದು ಮಕ್ಕಳಿದ್ದವು. ಅವುಗಳಿಗೆ ದೇವಿ ಹಾಕಲು, ಅಂದರೆ ಸಿಡುಬಿನ ಲಸಿಕೆ ಚುಚ್ಚಲು, ಹೊರಟ ಸರಕಾರಿ ನೌಕರ ಮುರಿಗೆಪ್ಪ ದಂಡೆಯಲ್ಲಿ ಹಲ್ಲು ಕಡಿಯುತ್ತ ನಿಂತಿದ್ದ. ಕೈಯಲ್ಲಿ ಹಸಿ ಅರಿವೆ ಸುತ್ತಿದ ಗಡಿಗೆ, ಅದರೊಳಗೆ ಲಸಿಕೆಯ ನಳಿಗೆಗಳು. ನಾಳೆಗೆಂದು ಇಟ್ಟರೆ ಕೆಟ್ಟೇ ಹೋಗುತ್ತವೆ.

ಹೋದ ವರ್ಷವೂ ಅವನೇ ಹಾಕಿದ್ದ. ಅವನು ಬೆನ್ನು ತಿರುಗಿಸಿದ್ದೇ ತಡ, ಸಿಡುಬಿನ ದೇವತೆ ಅಮ್ಮ ಮುನಿದಾಳೆಂದು ಹೆದರಿ ತಾಯಂದಿರು ಗಾಯಕ್ಕೆ ಬೇವಿನ ರಸ ತಿಕ್ಕಿ ಒರೆಸಿಬಿಟ್ಟಿದ್ದರು. ಲಸಿಕೆ ಹತ್ತಿದ್ದಕ್ಕೆ ಗುರುತಾದ ಗುಳ್ಳೆ ಒಂದು ತೋಳಿನಲ್ಲೂ ಏಳಲಿಲ್ಲ.

"ಹೊಳಿ ತುಂಬೈತ್ರಿ. ಒಡ್ಡಿನ ಕಡೆ ಎಳಕೊಂಡು ಹೋದ್ರ ಹೆಣಾನೂ ಸಿಗಂಗಿಲ್ಲ," ಎಂದ ಹರಗೋಲಿನ ಲಕ್ಕಪ್ಪ.

"ಅಂಜಿಕಿ ಇದ್ರ ಹುಟ್ಟು ನನ್ನ ಕೈಯಾಗ ಕೊಡು!" ಎಂದು ಮುರಿಗೆಪ್ಪ ಗದರಿದ.

"ನಿಮ್ಮ ಕೈಯಾಗ ಕೊಟ್ರ ಹೆಣಾ ಖಾಯಂ ಬಿಡ್ರಿ," ಎನ್ನುತ್ತ, ತಾಯಂದಿರನ್ನು ಒಪ್ಪಿಸಲೆಂದು ಜೊತೆಗೆ ಬಂದಿದ್ದ ಸೂಲಗಿತ್ತಿ ಹನಮವ್ವ ಮೊದಲು ಹತ್ತಿ ಕುಳಿತಳು.

ನಡುಹೊಳೆಯಲ್ಲಿ ಹರಗೋಲು ಗಿರ್ರನೆ ತಿರುಗಿತು. ಮರದ ದಿಮ್ಮಿಯೊಂದು ಬಡಿಯಿತು. ನೀರು ನುಗ್ಗಿತು.

ಕೆಳಗೆ ಧುಪದಾಳದ ಒಡ್ಡು ಮೊರೆಯುತ್ತಿತ್ತು.

ಹನಮವ್ವ ತಂಬಿಗೆಯಿಂದ ನೀರು ಮೊಗೆದು ಎಸೆದಳು. ಮುರಿಗೆಪ್ಪ ಗಡಿಗೆಯನ್ನು ಎದೆಗವಚಿಕೊಂಡ. ಲಕ್ಕಪ್ಪ ಆಚೆ ದಂಡೆಯತ್ತ ಹಗ್ಗ ಬೀಸಿದ. ಮೂರನೆಯ ಸಲಕ್ಕೆ ಅದು ಜಾಲಿಯ ಟೊಂಗೆಗೆ ಸಿಕ್ಕಿಕೊಂಡಿತು. ಅದನ್ನೇ ಜಗ್ಗುತ್ತ ದಂಡೆ ಸೇರಿದರು.

ಮುಂದೆ ಹಾದಿಯೇ ಇರಲಿಲ್ಲ. ಕೆಂಪು ಕಲ್ಲಿನ ಗುಡ್ಡ, ಸಂದುಸಂದಿನಲ್ಲಿ ಪಾಪಾಸುಕಳ್ಳಿ, ಕಾಲಿಟ್ಟಲ್ಲಿ ಜಾರುವ ಎರೆಮಣ್ಣು. ದೂರದ ಜೋಳದ ಹೊಲಗಳ ಮೇಲೆ ಮೋಡದ ನೆರಳು ಹಾಯುತ್ತಿತ್ತು. ಮೂವರೂ ಕೈಕಾಲು ತರಚಿಕೊಂಡು ವಸ್ತಿ ತಲುಪಿದಾಗ ಬಾಗಿಲುಗಳಿಗೆ ಬೇವಿನ ತೋರಣ ಕಟ್ಟಿತ್ತು.

"ಹ್ವಾದ ವರ್ಷ ಹಾಕಿ ಏನ್ ಕಿಸಿದ್ರಿ?" ಎಂದು ವಸ್ತಿಯ ಮಾಲಿಂಗಪ್ಪ ಅಡ್ಡ ನಿಂತ.

"ಒರಸಿದವ್ರು ಯಾರಲೇ? ನಿಮ್ಮ ಕೈಗೆ..." ಮುರಿಗೆಪ್ಪನ ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ಯಲ್ಲಕ್ಕ ಮಗಳನ್ನು ಎತ್ತಿಕೊಂಡು ಹೊರಬಂದಳು. "ನಾನ ಒರಸಿದ್ನಿ, ಯಪ್ಪಾ. ಈಕಿಗೆ ಹಾಕ್ರಿ."

ಮುರಿಗೆಪ್ಪ ಬೈಗುಳವನ್ನು ಅಲ್ಲಿಗೇ ಬಿಟ್ಟು ಗಡಿಗೆಯ ಅರಿವೆ ಬಿಚ್ಚಿದ. ಮಗುವಿನ ತೋಳು ಹಿಡಿದು ದೇವಿ ಹಾಕಿದ.

ಒಬ್ಬೊಬ್ಬರೇ ಬಂದರು. ಮತ್ತೆ ಒರೆಸಿಬಿಟ್ಟಾರೆಂದು, ಗಾಯ ಒಣಗುವವರೆಗೆ ಹನಮವ್ವ ಯಾರನ್ನೂ ಮನೆಯೊಳಗೆ ಬಿಡಲಿಲ್ಲ. ಎಣಿಸಿದರೆ ಹತ್ತೇ ಮಕ್ಕಳು. ಮಾಲಿಂಗಪ್ಪ ತನ್ನ ಮಗನನ್ನು ಜೋಳದ ಹೊಲದಲ್ಲಿ ಅಡಗಿಸಿದ್ದ. ಮುರಿಗೆಪ್ಪ ಹೊಲವೆಲ್ಲ ಕೂಗಾಡಿ ಗಂಟಲು ಕಟ್ಟಿಸಿಕೊಂಡನೇ ಹೊರತು ಹುಡುಗ ಸಿಗಲಿಲ್ಲ. ಉಕ್ಕುವ ಹೊಳೆಯನ್ನೇ ದಾಟಿ, ಶಪಿಸುತ್ತ ಮರಳಿದ.

ಎಂಟನೆಯ ದಿನ ಹೊಸ ನಳಿಗೆಗಳೊಂದಿಗೆ ಮತ್ತೆ ಹೋದ. ಹತ್ತೂ ತೋಳುಗಳಲ್ಲಿ ಗುಳ್ಳೆ ದುಂಡಗೆ ಎದ್ದಿತ್ತು. ಅದನ್ನು ಕಂಡಿದ್ದ ಮಾಲಿಂಗಪ್ಪ ತಾನೇ ಮಗನನ್ನು ಹೆಗಲ ಮೇಲೆ ಹೊತ್ತು ತಂದ.

"ಈಗ ಬಂದ್ಯೇನು?" ಎಂದ ಮುರಿಗೆಪ್ಪ.

"ಬೈರಿ. ಮೊದ್ಲ ಹಾಕ್ರಿ."

ಮುರಿಗೆಪ್ಪ ಮೊದಲು ಹಾಕಿದ. ಆಮೇಲೆ, ಗಾಯ ಒಣಗುವವರೆಗೂ ಎದುರಿಗೇ ಕುಳಿತು ಬೈದ.